ನೀರಣ್ಣ ನಿಲ್ಲದೆ ಹೋದ ದಿನ

ನೀರು ಸರಬರಾಜು ಕಚೇರಿಯ ಲ್ಯಾಬಿನಲ್ಲಿ ನನ್ನದು ನೀರು ಪರೀಕ್ಷೆ ಮಾಡುವ ಕೆಲಸ. ಬೆಳಿಗ್ಗೆ ಏಳಕ್ಕೆ ಬಾಟಲಿಗಳ ಪೆಟ್ಟಿಗೆ ಹಿಡಿದು ಹೊರಟು, ಬೀದಿಬೀದಿಯ ನಲ್ಲಿಯಿಂದ ನೀರು ಹಿಡಿದು, ಅಲ್ಲೇ ನಿಂತು ಸ್ವಲ್ಪ ನೀರಿಗೆ ಒಂದು ಮಾತ್ರೆ ಹಾಕಿ ನೋಡುತ್ತೇನೆ. ನೀರು ಗುಲಾಬಿ ಬಣ್ಣಕ್ಕೆ ತಿರುಗಿದರೆ ಕ್ಲೋರಿನ್ ಉಳಿದಿದೆ, ಧೈರ್ಯವಾಗಿ ಕುಡಿಯಬಹುದು. ತಿರುಗದಿದ್ದರೆ ದಾರಿಯಲ್ಲಿ ಎಲ್ಲೋ ಕೊಳಕು ಸೇರಿ ಕ್ಲೋರಿನ್ನನ್ನು ತಿಂದುಹಾಕಿದೆ ಅಂತ ಲೆಕ್ಕ. ಹನ್ನೊಂದು ವರ್ಷ ಈ ಕೆಲಸ ಮಾಡಿದ್ದೇನೆ. ಅದರಲ್ಲಿ ಒಂದು ವಾರದ ಕಥೆ ಮಾತ್ರ ಯಾರಾದರೂ ಕೇಳಿದರೆ ಹೇಳಲು ನಾಲಿಗೆ ಹೊರಳುವುದಿಲ್ಲ. ಬರೆದರೆ ಹೇಗೋ ಅಂತ ಕೂತಿದ್ದೇನೆ.

ಊರಿನ ಕೆಳಭಾಗದ ಗಲ್ಲಿಗಳಿಗೆ ನೀರು ಬಿಡುತ್ತಿದ್ದವರನ್ನು ಎಲ್ಲರೂ ನೀರಣ್ಣ ಅನ್ನುತ್ತಿದ್ದರು. ಅವರ ನಿಜವಾದ ಹೆಸರು ಇದ್ದದ್ದು ಸಂಬಳದ ಪಟ್ಟಿಯಲ್ಲಿ ಮಾತ್ರ. ಐವತ್ತೈದು ದಾಟಿದ ಮನುಷ್ಯ, ಮಾತು ಕಡಿಮೆ. ಹೆಗಲ ಮೇಲೆ ವಾಲ್ವ್ ತಿರುಗಿಸುವ ಎದೆಯೆತ್ತರದ ಕಬ್ಬಿಣದ ಕೀಲಿ, ಕೆಳಗೆ ಹಳೆಯ ಸೈಕಲ್. ಯಾವ ಗಲ್ಲಿಯಲ್ಲಿ ಪೈಪು ಎಷ್ಟು ಆಳದಲ್ಲಿದೆ, ಎಲ್ಲಿ ಚರಂಡಿಯನ್ನು ದಾಟುತ್ತದೆ, ಎಲ್ಲಾ ಅವರ ತಲೆಯಲ್ಲಿತ್ತು. ಕಚೇರಿಯ ನಕಾಶೆಗೂ ನೆಲದೊಳಗಿನ ಪೈಪಿಗೂ ಮಾತುಕತೆ ನಿಂತು ಎಷ್ಟೋ ವರ್ಷ ಆಗಿತ್ತು. ಹಾಗಾಗಿ ಏನೇ ಆದರೂ ನಾವು ಕೇಳುತ್ತಿದ್ದದ್ದು ನೀರಣ್ಣನವರನ್ನೇ.

ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ. ಅವರ ಗಲ್ಲಿಯ ಕೊನೆಯ ನಲ್ಲಿ ನನ್ನ ಪಟ್ಟಿಯಲ್ಲಿ ಒಂಬತ್ತನೆಯದು. ಅಲ್ಲಿಗೆ ಬರುವ ಹೊತ್ತಿಗೆ ಅಕ್ಕ ಬಕೆಟ್ ಇಟ್ಟುಕೊಂಡು ನಿಂತಿರುತ್ತಿದ್ದರು. ನೀರು ಬಿಡುವವರ ಮನೆಗೇ ಒಳಗೆ ನಲ್ಲಿ ಇರಲಿಲ್ಲ. ಗಲ್ಲಿಯವರಿಗೆಲ್ಲ ಆದ ಮೇಲೆ ನಮಗೆ ಅಂತ ನೀರಣ್ಣ ಹೇಳಿದ್ದರಂತೆ, ಆಮೇಲೆ ಯಾರಿಗೂ ಆಗಲೇ ಇಲ್ಲ. ಅಕ್ಕನಿಗೆ ಅದರ ಬಗ್ಗೆ ಬೇಜಾರಿರಲಿಲ್ಲ. ಊರಿಗೆಲ್ಲ ನೀರು ಬಿಡ್ತಾರೆ, ಮನೇಲಿ ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿಯೋಕೆ ಬರಲ್ಲ ಅಂತ ಗಂಡನನ್ನು ಆಡಿಕೊಂಡು ನಗುತ್ತಿದ್ದರು. ಆದರೆ ಬೇರೆ ಯಾರಾದರೂ ಅವರ ನೀರಿನ ಬಗ್ಗೆ ಒಂದು ಮಾತಾಡಿದರೆ ಮುಗಿಯಿತು, ಸೆರಗಿಗೆ ಬೆಂಕಿ ಬಿದ್ದವರ ಹಾಗೆ ಎದ್ದು ನಿಲ್ಲುತ್ತಿದ್ದರು. ನೀರು ಕುದಿಸಿ ಕುಡಿಯಿರಿ ಅಂತ ನಾನು ಎಷ್ಟೋ ಸಲ ಹೇಳಿದ್ದೇನೆ. ನಮ್ಮವರು ಬಿಡೋ ನೀರಿಗೆ ನಾನೇ ಕುದಿಸಿದರೆ ಉಳಿದವರು ಏನಂದುಕೊಳ್ಳಬೇಕು ಅನ್ನುತ್ತಿದ್ದರು.

ಆ ವರ್ಷದ ಬೇಸಿಗೆಯಲ್ಲಿ, ಒಂದು ಶನಿವಾರ, ಅದೇ ಗಲ್ಲಿಯಲ್ಲಿ ಬಟ್ಟೆ ಹೊಲಿಯುವ ಟೈಲರಮ್ಮನ ಇಬ್ಬರು ಮಕ್ಕಳಿಗೂ ವಾಂತಿಭೇದಿ ಶುರುವಾಯಿತು. ದೊಡ್ಡವಳು ಸುಧಾರಿಸಿಕೊಂಡಳು, ಚಿಕ್ಕವನನ್ನು ಭಾನುವಾರ ಆಸ್ಪತ್ರೆಗೆ ಸೇರಿಸಬೇಕಾಯಿತು. ಸೋಮವಾರದ ಹೊತ್ತಿಗೆ ಅಕ್ಕಪಕ್ಕದ ಗಲ್ಲಿಗಳೂ ಸೇರಿ ಏಳು ಮನೆಗಳಲ್ಲಿ ಅದೇ ಗೋಳು. ನನಗೆ ಸುದ್ದಿ ಮುಟ್ಟಿದ್ದು ಸೋಮವಾರ ಸಂಜೆ. ಮಂಗಳವಾರ ಪಟ್ಟಿ ಗಿಟ್ಟಿ ಬಿಟ್ಟು ನೇರ ಆ ಭಾಗಕ್ಕೆ ಹೋದೆ. ಮೊದಲ ಮೂರು ಗಲ್ಲಿಗಳಲ್ಲಿ ನೀರು ಗುಲಾಬಿಯಾಯಿತು. ನಾಲ್ಕನೆಯ ಗಲ್ಲಿಯಲ್ಲಿ ಮಾತ್ರೆ ಹಾಕಿ ಎಷ್ಟು ಅಲ್ಲಾಡಿಸಿದರೂ ಬಣ್ಣ ಬರಲಿಲ್ಲ. ಅದರ ಮುಂದಿನ ನಲ್ಲಿಯಲ್ಲೂ ಇಲ್ಲ. ಮೂಗಿನ ಹತ್ತಿರ ಹಿಡಿದರೆ ಸಣ್ಣಗೆ ಚರಂಡಿಯ ವಾಸನೆ.

ಪಂಪ್‌ಹೌಸಿಗೆ ಓಡಿದೆ. ಅಲ್ಲಿ ಇಂಜಿನಿಯರ್ ಸಾಹೇಬರೂ ಇದ್ದರು, ನೀರಣ್ಣನೂ ಇದ್ದರು. ಸಾಹೇಬರಿಗೆ ನಾವು ಇಟ್ಟ ಹೆಸರು ನಾಳೆ ಸಾಹೇಬರು, ಏನು ಕೇಳಿದರೂ ನಾಳೆ ನೋಡೋಣ ಅನ್ನುವವರು. ಅವತ್ತೂ ಅದನ್ನೇ ಅಂದರು. ರೋಗಾಣು ಪರೀಕ್ಷೆಯ ಫಲಿತಾಂಶ ಬರಲು ಒಂದು ದಿನ ಬೇಕಲ್ಲ, ಅದು ಕೈಗೆ ಬರಲಿ, ಈ ಬಿಸಿಲಲ್ಲಿ ಸುಮ್ಮಸುಮ್ಮನೆ ನೀರು ನಿಲ್ಲಿಸಿದರೆ ಜನ ಕಚೇರಿಗೆ ಕಲ್ಲು ಹೊಡೆಯುತ್ತಾರೆ ಅಂತ. ಒಂದು ದಿನದಲ್ಲಿ ಎಷ್ಟು ಜನ ಕುಡಿಯುತ್ತಾರೆ ಅಂತ ನಾನು ಕೇಳಿದೆ. ಅವರು ಫೋನ್ ತೆಗೆದುಕೊಂಡು ಆಚೆ ಹೋದರು.

ನಾನು ನೀರಣ್ಣನವರ ಮುಖ ನೋಡಿದೆ. ಅವರು ಆಗಲೇ ಕೀಲಿ ಹೆಗಲಿಗೆ ಹಾಕಿಕೊಂಡಿದ್ದರು.

"ಮುಚ್ಚಿಬಿಡ್ತೀನಿ ಮೇಡಂ. ಆಮೇಲೆ ಏನಾಗುತ್ತೋ ಆಗಲಿ," ಅಂದರು.

"ದಾರೀಲಿ ಎಲ್ಲೂ ನಿಲ್ಲಬೇಡಿ ನೀರಣ್ಣ," ಅಂದೆ ನಾನು. "ಯಾರು ಕೂಗಿದರೂ ನಿಲ್ಲಬೇಡಿ. ಮೊದಲು ವಾಲ್ವ್."

ನಾನೇ ಹೇಳಿದ್ದು ಅದು. ಲೆಕ್ಕ ಸರಿಯಾಗಿಯೇ ಇತ್ತು. ನೀರು ಬಿಡುವ ಹೊತ್ತು, ಒಂದೊಂದು ನಿಮಿಷಕ್ಕೂ ನಲ್ಲಿಯಲ್ಲಿ ಬಕೆಟ್ ತುಂಬುತ್ತಿತ್ತು. ದಾರಿಯಲ್ಲಿ ನಿಂತರೆ ನಾಲ್ಕು ಜನ ಸುತ್ತುವರಿದು ಪ್ರಶ್ನೆ ಕೇಳುತ್ತಾರೆ, ಅರ್ಧ ಗಂಟೆ ಹೋಗುತ್ತದೆ. ಈಗಲೂ ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ, ಮೊದಲು ವಾಲ್ವ್ ಅಂತ. ಆದರೂ ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ.

ವಾಲ್ವ್ ಇರುವ ಗುಂಡಿಗೆ ಹೋಗಬೇಕಾದರೆ ಅವರು ತಮ್ಮ ಗಲ್ಲಿಯ ಬಾಯಿಯನ್ನು ದಾಟಿಯೇ ಹೋಗಬೇಕು. ನಲ್ಲಿಯ ಹತ್ತಿರ ಅಷ್ಟು ಹೊತ್ತಿಗೆ ಜಗಳ ಎದ್ದಿತ್ತು. ಟೈಲರಮ್ಮ ಆಸ್ಪತ್ರೆಯಿಂದ ಆಗ ತಾನೇ ಬಂದವರು, ಎರಡು ದಿನದಿಂದ ಕಣ್ಣಿಗೆ ನಿದ್ದೆ ಇಲ್ಲ. ಎಲ್ಲರ ಮುಂದೆ ಅಕ್ಕನನ್ನು ನಿಲ್ಲಿಸಿಕೊಂಡು, ನಿನ್ನ ಗಂಡ ಬಿಡೋದು ನೀರಲ್ಲ ವಿಷ, ನನ್ನ ಮಗನಿಗೆ ಏನಾದರೂ ಆದರೆ ನಿಮ್ಮನ್ನು ಸುಮ್ಮನೆ ಬಿಡಲ್ಲ ಅಂತ ಬಾಯಿಗೆ ಬಂದ ಹಾಗೆ ಅಂದಿದ್ದರು. ಅದೇ ಗಳಿಗೆಯಲ್ಲಿ ನೀರಣ್ಣನ ಸೈಕಲ್ ಗಲ್ಲಿಯ ಬಾಯಲ್ಲಿ ಕಾಣಿಸಿತು. ಅಕ್ಕ ಕೈ ಎತ್ತಿದರು. ಅವರು ನೋಡಿದರು, ನಿಲ್ಲಲಿಲ್ಲ, ಪೆಡಲ್ ತುಳಿದುಕೊಂಡು ಹೋಗಿಬಿಟ್ಟರು.

ಆಗ ಅಕ್ಕ ಆಡಿದ ಮಾತನ್ನು ಟೈಲರಮ್ಮ ನನಗೆ ಆಮೇಲೆ ಒಂದಕ್ಷರ ಬಿಡದೆ ಹೇಳಿದರು.

"ನೋಡಿದಿರಲ್ಲ, ಈಗ ತಾನೇ ಹೋದರು. ನೀರಲ್ಲಿ ಏನಾದರೂ ಇದ್ದಿದ್ದರೆ ನಿಂತು ನನಗೊಂದು ಮಾತು ಹೇಳ್ತಿರಲಿಲ್ವಾ? ಕಟ್ಟಿಕೊಂಡ ಹೆಂಡತಿ ನಾನು."

ಹಾಗಂದು ನಲ್ಲಿಗೇ ಲೋಟ ಹಿಡಿದು, ಎಲ್ಲರೂ ನೋಡುತ್ತಿರುವಂತೆ ಗಟಗಟ ಕುಡಿದರು. ಒಂದು ಲೋಟ ಸಾಲದು ಅಂತ ಇನ್ನೊಂದು.

ವಾಲ್ವ್ ಸುಲಭಕ್ಕೆ ಬಗ್ಗಲಿಲ್ಲ. ತುಕ್ಕು ಹಿಡಿದು ಕೂತಿತ್ತು. ನೀರಣ್ಣ ಒಬ್ಬರೇ ಮುಕ್ಕಾಲು ಗಂಟೆ ಗುದ್ದಾಡಿ, ಅಂಗೈ ಚರ್ಮ ಕಿತ್ತುಕೊಂಡು ಮುಚ್ಚಿದರು. ಆಮೇಲೆ ನಾವಿಬ್ಬರೂ ಆಟೋದಲ್ಲಿ ಮೈಕ್ ಕಟ್ಟಿಕೊಂಡು, ಕಾಯಿಲೆ ಜಾಸ್ತಿ ಇದ್ದ ಕಡೆಯಿಂದ ಶುರು ಮಾಡಿದೆವು. ಹಿಡಿದಿಟ್ಟ ನೀರು ಚೆಲ್ಲಿ, ಪಾತ್ರೆ ಬಿಸಿನೀರಲ್ಲಿ ತೊಳೆಯಿರಿ, ಟ್ಯಾಂಕರ್ ಬರುತ್ತೆ, ಅದನ್ನೂ ಕುದಿಸಿ ಕುಡಿಯಿರಿ, ಭೇದಿ ಶುರುವಾದರೆ ಮುಚ್ಚಿಡಬೇಡಿ, ತಕ್ಷಣ ಆಸ್ಪತ್ರೆಗೆ ಬನ್ನಿ. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತು. ನೀರಣ್ಣನ ಗಲ್ಲಿಗೆ ಬರುವ ಹೊತ್ತಿಗೆ ಮಧ್ಯಾಹ್ನ ಒಂದು ಗಂಟೆ. ಅಕ್ಕ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿಸಿಕೊಂಡರು. ಕಾಗದದಲ್ಲಿ ಅಚ್ಚು ಹಾಕಿಸಿದ್ದ ಸೂಚನೆಯನ್ನು ನಾನು ಕೈಗೆ ಕೊಟ್ಟೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಅಕ್ಕ ಮಡಚಿ ಇಟ್ಟುಕೊಂಡರು. ನೀನು ಬೆಳಿಗ್ಗೆ ಹಿಡಿದ ನೀರು ಕುಡಿದೆಯಾ ಅಂತ ನೀರಣ್ಣ ಕೇಳಿದರು. ಇಲ್ಲ ರೀ, ಅಡುಗೆಗೆ ಇಟ್ಟಿದ್ದೆ, ಈಗ ಚೆಲ್ತೀನಿ ಅಂದರು.

ಬುಧವಾರ ಬೆಳಿಗ್ಗೆ ಪೈಪು ಎಲ್ಲಿ ಒಡೆದಿದೆ ಅಂತ ಹುಡುಕಲು ಅಗೆತ ಶುರುವಾಯಿತು. ನೀರಣ್ಣ ಆರಕ್ಕೇ ಮನೆ ಬಿಟ್ಟಿದ್ದರು. ಅಕ್ಕನ ಮುಖ ಸ್ವಲ್ಪ ಬಾಡಿತ್ತಂತೆ. ಸೆಖೆಗೆ ನಿದ್ದೆ ಬರಲಿಲ್ಲ ಅಂದರಂತೆ. ಅವರಿಗೆ ಆಗಲೇ ವಾಂತಿಭೇದಿ ಶುರುವಾಗಿತ್ತು. ಗಂಡ ಆಚೆ ಹೋದ ಮೇಲೆ ಒಳಗಿನಿಂದ ಚಿಲಕ ಹಾಕಿಕೊಂಡುಬಿಟ್ಟರು. ಹಿಂದಿನ ದಿನ ಎಲ್ಲರ ಮುಂದೆ ನೀರು ಕುಡಿದು ತೋರಿಸಿದವರು, ಅದೇ ಜನರ ಮುಂದೆ ಈಗ ಆಸ್ಪತ್ರೆಗೆ ಹೊರಟರೆ ಟೈಲರಮ್ಮನ ಮಾತು ನಿಜವಾಗುತ್ತದೆ. ಗಂಡನ ಮಾನ ಹೋಗುತ್ತದೆ. ಸಕ್ಕರೆ ಉಪ್ಪಿನ ನೀರು ಮಾಡಿಕೊಂಡಿದ್ದರು, ಪಾತ್ರೆಯಲ್ಲಿ ಅರ್ಧ ಹಾಗೇ ಉಳಿದಿತ್ತು. ಕುಡಿದದ್ದು ಹೊಟ್ಟೆಯಲ್ಲಿ ನಿಂತಿರಲಿಲ್ಲ. ಬಟ್ಟೆಗಳನ್ನು ತಾವೇ ಒಗೆದು, ಹೊರಗೆ ಹಾಕಿದರೆ ಯಾರಾದರೂ ನೋಡುತ್ತಾರೆ ಅಂತ ಒಳಗೇ ಕುರ್ಚಿಗಳ ಮೇಲೆ ಹರವಿದ್ದರು.

ಮಧ್ಯಾಹ್ನ ಮೂರು ಗಂಟೆಗೆ ಜಾಗ ಸಿಕ್ಕಿತು. ನಾಲ್ಕನೆಯ ಗಲ್ಲಿಯ ತಿರುವಿನಲ್ಲಿ, ಕುಡಿಯುವ ನೀರಿನ ಪೈಪು ಚರಂಡಿಯ ಕೆಳಗೆ ಹಾದುಹೋಗುವ ಕಡೆ. ಚರಂಡಿಯ ಕಲ್ಲು ಬಿರುಕು ಬಿಟ್ಟು ಕೊಳಕು ಕೆಳಕ್ಕೆ ಸೋರುತ್ತಿತ್ತು. ಸರಿಯಾಗಿ ಅದರ ಕೆಳಗೆ ಪೈಪಿನ ಒಂದು ಜಾಯಿಂಟು, ಅದಕ್ಕೆ ಸೈಕಲ್ ಟ್ಯೂಬಿನ ರಬ್ಬರ್ ಪಟ್ಟಿ ಸುತ್ತಿ ಕಟ್ಟಿತ್ತು. ಪಟ್ಟಿ ಕೊಳೆತು ಸಡಿಲವಾಗಿತ್ತು. ನೀರು ಬಿಟ್ಟಾಗ ಅಲ್ಲಿಂದ ಆಚೆ ಚಿಮ್ಮುತ್ತದೆ, ನಿಲ್ಲಿಸಿದಾಗ ಪೈಪು ಖಾಲಿಯಾಗಿ ಸುತ್ತಲಿನ ಕೊಳಕನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರಣ್ಣ ಗುಂಡಿಯೊಳಗೆ ಇಳಿದು ಮಣ್ಣು ಒರೆಸಿದರು. ಗಂಟನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಅಲ್ಲೇ, ಆ ರಾಡಿಯಲ್ಲೇ ಕೂತುಬಿಟ್ಟರು.

ಆ ಗಂಟು ಅವರದೇ. ಒಂದೂವರೆ ವರ್ಷದ ಹಿಂದೆ ಅಲ್ಲಿ ಸೋರಿದಾಗ ಕಚೇರಿಯಲ್ಲಿ ಪೈಪು ಬಿಗಿಯುವ ಹೊಸ ಕ್ಲ್ಯಾಂಪ್ ಇರಲಿಲ್ಲ. ಎರಡು ದಿನದ ಮಟ್ಟಿಗೆ ಅಂತ ರಬ್ಬರ್ ಕಟ್ಟಿ ಮಣ್ಣು ಮುಚ್ಚಿದ್ದರು. ಸಾಹೇಬರಿಗೆ ಹೇಳಿದ್ದರು, ಸಾಹೇಬರು ನಾಳೆ ಅಂದಿದ್ದರು. ಬೇರೆ ಕಡೆ ಸೋರಿಕೆ, ಬೇರೆ ಕಡೆ ಜಗಳ, ನೀರಣ್ಣನಿಗೂ ಅದು ತಲೆಯಿಂದ ಹೋಗಿತ್ತು. ಊರಿನ ಪೈಪೆಲ್ಲ ತಲೆಯಲ್ಲಿಟ್ಟುಕೊಂಡವರು ಮರೆತ ಒಂದೇ ಒಂದು ಜಾಗ ಅದು.

ನಾನು ಮೇಲಿನಿಂದ ಕೈ ಚಾಚಿ ಏಳಿ ಅನ್ನುವಷ್ಟರಲ್ಲಿ ಟೈಲರಮ್ಮ ಚಪ್ಪಲಿಯಿಲ್ಲದ ಕಾಲಲ್ಲಿ ಓಡಿಬಂದರು. ಬೆಳಿಗ್ಗೆಯಿಂದ ಅಕ್ಕನ ಬಾಗಿಲು ತೆರೆದಿಲ್ಲ, ಬಡಿದರೂ ಓಗೊಡುತ್ತಿಲ್ಲ ಅಂದರು.

ಬಾಗಿಲು ಮುರಿಯಬೇಕಾಯಿತು. ಅಕ್ಕ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಒಂದೇ ದಿನದಲ್ಲಿ ಕಣ್ಣು ಗುಳಿಬಿದ್ದು, ಬೆರಳು ತುಂಬಾ ಹೊತ್ತು ನೀರಲ್ಲಿ ನೆನೆದವರ ಹಾಗೆ ಸುಕ್ಕಾಗಿ, ದನಿಯೇ ಇರಲಿಲ್ಲ. ನೀರಣ್ಣ ರಾಡಿ ಮೆತ್ತಿದ ಕೈಯಲ್ಲಿ ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಎತ್ತಿ ಆಟೋಗೆ ಹಾಕಿದ್ದು ಟೈಲರಮ್ಮನೂ ನಾನೂ.

ಆಸ್ಪತ್ರೆಯಲ್ಲಿ ಮಂಚ ಸಾಲದೆ ಪಕ್ಕದ ಶಾಲೆಯ ಕೋಣೆಗಳಲ್ಲಿ ಬೆಂಚು ಜೋಡಿಸಿ ರೋಗಿಗಳನ್ನು ಮಲಗಿಸಿದ್ದರು. ಅಕ್ಕನಿಗೆ ಎರಡೂ ಕೈಗೆ ಡ್ರಿಪ್ ಹಾಕಿದರು. ಬೇಗ ಬಂದಿದ್ದರೆ ವಾಸಿಯಾಗುವ ಕಾಯಿಲೆ ಇದು, ಆದರೆ ತುಂಬಾ ತಡ ಮಾಡಿದ್ದೀರಿ, ಮೂತ್ರಪಿಂಡ ಕೆಲಸ ನಿಲ್ಲಿಸಿದೆ ಅಂತ ಡಾಕ್ಟರು ನನ್ನನ್ನು ಆಚೆ ಕರೆದು ಹೇಳಿದರು. ಅಕ್ಕನ ಮಗಳು ಗುರುವಾರ ಬೆಳಿಗ್ಗೆ ಬಂದಿಳಿದಳು. ಮದುವೆಯಾಗಿ ಬೇರೆ ಊರಿನಲ್ಲಿದ್ದವಳು, ಅಲ್ಲೊಂದು ಬೇಕರಿಯಲ್ಲಿ ಕೆಲಸ. ತೋಳಿನ ಮೇಲೆ ಹಿಟ್ಟು ಹಾಗೇ ಇತ್ತು.

ಅಕ್ಕ ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಕಣ್ಣು ಬಿಟ್ಟರು. ನಾನು ಕಾಲ ಬಳಿ ನಿಂತಿದ್ದೆ. ಗಂಡನನ್ನು ನೋಡಿ, ಉಸಿರಿನಲ್ಲೇ ಮಾತಾಡಿದರು.

"ಸಿಕ್ತಾ ರೀ, ಒಡೆದ ಜಾಗ?"

"ಸಿಕ್ತು."

"ನಿಮ್ಮ ತಪ್ಪೇನೂ ಇಲ್ಲ ತಾನೇ?"

ನೀರಣ್ಣ ಮಗಳ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ.

"ಇಲ್ಲ ಕಣೇ. ನನ್ನದೇನೂ ಇಲ್ಲ."

"ನಾನು ಹೇಳಿದ್ದೆ ಅವರಿಗೆಲ್ಲ," ಅಂದರು ಅಕ್ಕ. ಮುಖದಲ್ಲಿ ಒಂದು ಸಮಾಧಾನ ಬಂತು. ಸ್ವಲ್ಪ ನಕ್ಕ ಹಾಗೂ ಇತ್ತು. ಆಮೇಲೆ ಮಾತಾಡಲಿಲ್ಲ. ನಾಲ್ಕು ಗಂಟೆಗೆ ಹೋಗಿಬಿಟ್ಟರು.

ಆ ವಾರ ಅರವತ್ತೊಂದು ಜನ ಕಾಯಿಲೆ ಬಿದ್ದಿದ್ದರು, ಮೂರು ಜನ ಉಳಿಯಲಿಲ್ಲ. ಒಬ್ಬರು ನಿವೃತ್ತ ಅಂಚೆಯಣ್ಣ, ಇನ್ನೊಂದು ಬಾಡಿಗೆ ಮನೆಯ ಒಂದೂವರೆ ವರ್ಷದ ಹೆಣ್ಣುಮಗು, ಮತ್ತೆ ಅಕ್ಕ. ಟೈಲರಮ್ಮನ ಮಗ ಹುಷಾರಾಗಿ ಅದೇ ಗುರುವಾರ ಮನೆಗೆ ಬಂದ. ಆದರೆ ಅವರು ಶಾಲೆಯ ಮೆಟ್ಟಿಲ ಮೇಲೆ ಕೂತು, ನಾನೇ ಕುಡಿಸಿದೆ, ನನ್ನ ಬಾಯಿಗೆ ಬೆಂಕಿ ಬೀಳಲಿ ಅಂತ ಅಳುತ್ತಿದ್ದರು. ಯಾವ ಲೋಟದಿಂದ ಬಂತು ಅಂತ ಯಾರೂ ಹೇಳಲು ಆಗುವುದಿಲ್ಲ, ನಾಲ್ಕು ದಿನದಿಂದ ಅದೇ ನೀರು ಕುಡಿದಿದ್ದಾರಲ್ಲ ಅಂತ ಡಾಕ್ಟರು ಸಮಾಧಾನ ಮಾಡಿದರು. ಅದು ನಿಜ. ಆದರೆ ಎರಡು ಲೋಟ ನೀರಿನ ಲೆಕ್ಕವನ್ನು ಅವರ ತಲೆಯಿಂದ ತೆಗೆಯಲು ಆ ಮಾತಿಗೆ ಆಗಲಿಲ್ಲ.

ಮೂರು ವಾರದ ನಂತರ ಕಚೇರಿಯ ದೊಡ್ಡ ಕೋಣೆಯಲ್ಲಿ ವಿಚಾರಣೆ ನಡೆಯಿತು. ಗಲ್ಲಿಯವರು ಬಂದಿದ್ದರು, ಮಗಳೂ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಯಾರೋ ಚರಂಡಿ ಅಗೆದಾಗ ಪೈಪಿಗೆ ಏಟು ಬಿದ್ದಿದೆ ಅಂತ ನಾಳೆ ಸಾಹೇಬರು ವರದಿ ಬರೆದು ತಂದಿದ್ದರು. ಅದನ್ನು ಓದಿ ಮುಗಿಸುವಷ್ಟರಲ್ಲಿ ನೀರಣ್ಣ ಎದ್ದು ಬಂದು, ಹಳೆಯ ಪತ್ರಿಕೆಯಲ್ಲಿ ಸುತ್ತಿದ್ದ ರಬ್ಬರ್ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟರು.

"ಇದನ್ನ ಕಟ್ಟಿದ್ದು ನಾನು," ಅಂದರು. "ಎರಡು ದಿನಕ್ಕೆ ಅಂತ ಕಟ್ಟಿ ಒಂದೂವರೆ ವರ್ಷ ಮರೆತೆ. ಯಾರೂ ಏಟು ಹಾಕಿಲ್ಲ. ಹಾಗಂತ ಬರ್ಕೊಳ್ಳಿ."

ಮಗಳು ಎದ್ದು ಹೊರಟುಹೋದಳು.

ನಾನು ಬಸ್ ನಿಲ್ದಾಣದ ತನಕ ಅವಳ ಹಿಂದೆ ಹೋದೆ. ಅಮ್ಮ ಸಾಯುವಾಗಲೂ ಅಪ್ಪ ಅವಳಿಗೆ ಸುಳ್ಳು ಹೇಳಿದ, ಅದಕ್ಕಿಂತ ಮೊದಲು ಸೈಕಲ್ ನಿಲ್ಲಿಸಿ ಒಂದು ಮಾತು ಹೇಳಿದ್ದರೆ ಇದೆಲ್ಲ ಇರುತ್ತಲೇ ಇರಲಿಲ್ಲ ಅಂದಳು. ನಿಲ್ಲಬೇಡಿ ಅಂದದ್ದು ನಾನು ಅಂತ ಹೇಳಿದೆ. ವಿಚಾರಣೆಯಲ್ಲಿ ಅದನ್ನು ಯಾರೂ ಕೇಳಿರಲಿಲ್ಲ, ಅದಕ್ಕೇ ಇವಳಿಗಾದರೂ ಹೇಳಬೇಕಿತ್ತು. ಬಸ್ ಬಂತು, ಹತ್ತಿ ಕೂತಳು. ಕಿಟಕಿಯಿಂದ ಕೂಡ ತಿರುಗಲಿಲ್ಲ.

ಆ ಇಡೀ ಸಾಲಿನ ಪೈಪನ್ನು ಚರಂಡಿಯಿಂದ ದೂರ ಸರಿಸಿ ಹೊಸದಾಗಿ ಹಾಕಿದರು. ಸಾಹೇಬರನ್ನು ಬೇರೆ ಕಡೆ ಕಳಿಸಿದರು. ನೀರಣ್ಣನಿಗೆ ನಾಲ್ಕು ತಿಂಗಳು ಅಮಾನತು. ವಾಪಸ್ ಬಂದ ಮೇಲೆ ಅವರು ವಾಲ್ವ್ ಕೀಲಿ ಬೇಡ ಅಂದರು, ನನ್ನ ಜೊತೆ ಬಾಟಲಿ ಪೆಟ್ಟಿಗೆ ಹಿಡಿದು ಬರುತ್ತೇನೆ ಅಂದರು. ತಾತ್ಕಾಲಿಕ ರಿಪೇರಿ ಆದ ಜಾಗಗಳನ್ನೆಲ್ಲ ಕಚೇರಿಯ ಗೋಡೆಯ ಹಲಗೆ ಮೇಲೆ ತಾರೀಖಿನ ಸಮೇತ ಬರೆಯುವ ಪದ್ಧತಿ ಅವರೇ ಹಟ ಹಿಡಿದು ತಂದದ್ದು. ಎರಡು ದಿನ ಕಳೆದರೆ ಹೊಸ ಸಾಹೇಬರ ಬಾಗಿಲಲ್ಲಿ ಹೋಗಿ ನಿಲ್ಲುತ್ತಾರೆ, ಕ್ಲ್ಯಾಂಪ್ ಕೊಡುವ ತನಕ ಕದಲುವುದಿಲ್ಲ. ಅವರನ್ನು ಕಂಡರೆ ಸಾಹೇಬರಿಗೆ ತಲೆನೋವು. ಗಲ್ಲಿಯ ಜನ ಮೊದಮೊದಲು ಮುಖ ತಿರುಗಿಸುತ್ತಿದ್ದರು. ಈಗ ನೀರಿನಲ್ಲಿ ಸ್ವಲ್ಪ ವಾಸನೆ ಬಂದರೂ ಅವರನ್ನೇ ಕರೆಯುತ್ತಾರೆ. ಆದರೆ ಆ ಮೂರು ಮನೆಗಳ ಮುಂದೆ ಬಂದಾಗ ಅವರ ನಡಿಗೆ ನಿಧಾನವಾಗುತ್ತದೆ. ಅದರಲ್ಲಿ ಒಂದು ಅವರದೇ ಮನೆ.

ಮಗಳು ಬಂದದ್ದು ಹತ್ತು ತಿಂಗಳಾದ ಮೇಲೆ, ಒಂದು ಭಾನುವಾರ, ಹೇಳದೆ ಕೇಳದೆ. ಮರುದಿನ ಬೆಳಿಗ್ಗೆ ಐದನೆಯ ನಲ್ಲಿಯ ಹತ್ತಿರ ಬಾಟಲಿಗೆ ಚೀಟಿ ಅಂಟಿಸುತ್ತ ನೀರಣ್ಣ ತಾವಾಗಿಯೇ ಹೇಳಿದರು. ಬಂದವಳು ಹೀಗಂದಳಂತೆ:

"ಅಮ್ಮನಿಗೆ ಸುಳ್ಳು ಹೇಳಿದ್ಯಲ್ಲ ಅಪ್ಪ, ಅದನ್ನ ನಾನು ಕ್ಷಮಿಸಿದ್ದೀನಿ. ನಾನಾಗಿದ್ದರೂ ಅದನ್ನೇ ಹೇಳ್ತಿದ್ದೆ. ಉಳಿದದ್ದು ಇನ್ನೂ ನನ್ನ ಕೈಲಿ ಆಗ್ತಿಲ್ಲ. ಸ್ವಲ್ಪ ಟೈಮ್ ಕೊಡು."

ಆಗಲಮ್ಮ ಅಂದೆ ಮೇಡಂ, ಬೇರೆ ಏನು ಅನ್ನಲಿ ಅಂದರು ನೀರಣ್ಣ.

ಅಕ್ಕನ ಕಪಾಟನ್ನು ನೀರಣ್ಣ ಅಲ್ಲಿಯತನಕ ತೆರೆದಿರಲಿಲ್ಲ. ಅಪ್ಪ ಮಗಳು ಸೇರಿ ಅವತ್ತು ತೆರೆದರಂತೆ. ಯಾವ ಬಟ್ಟೆ ಯಾರಿಗೆ ಕೊಡುವುದು, ಯಾವುದನ್ನು ಇಟ್ಟುಕೊಳ್ಳುವುದು ಅಂತ ಒಂದೊಂದಕ್ಕೂ ಕೂತು ಯೋಚಿಸಿ, ಸಂಜೆಯ ಹೊತ್ತಿಗೆ ಎರಡು ಖಾನೆ ಮಾತ್ರ ಖಾಲಿಯಾದವು. ಉಳಿದದ್ದಕ್ಕೆ ಬರುವ ತಿಂಗಳು ಬರ್ತೀನಿ, ನೀನೊಬ್ಬನೇ ಮುಟ್ಟಬೇಡ ಅಂತ ಹೇಳಿ ಅವಳು ಐದರ ಬಸ್ಸಿಗೆ ಹೋದಳು.